ಅರ್ಧ ಉಂಡ ತಾಟುಗಳು

ಅಥವಾ ಅಲ್ಲಿ ಗಂಟೆಯೇ ಇರಲಿಲ್ಲವೇನೋ. ಅಕ್ಕ ಹೇಳುವುದು ಹಾಗೆ. ನನ್ನ ಕಣ್ಣಿಗಂತೂ ಅದು ಈಗಲೂ ಕಾಣುತ್ತದೆ: ಬೆಂಕಿ ಆರಿಸುವ ಕೆಂಪು ಗಾಡಿ, ಎಡಗಡೆಯ ಬಾಗಿಲಿನ ಪಕ್ಕ ತೂಗುಬಿಟ್ಟ ಹಿತ್ತಾಳೆಯ ಗಂಟೆ, ಅದರ ನಾಲಿಗೆಗೆ ಕಟ್ಟಿದ ಜಿಡ್ಡುಜಿಡ್ಡಾದ ಹಗ್ಗ, ಹಗ್ಗ ಜಗ್ಗುವ ಒಂದು ಖಾಕಿ ತೋಳು. ತೋಳಿಗೆ ಮುಖವಿಲ್ಲ. ಬೇಡದ ಹಗ್ಗವನ್ನು ಎಳೆ ಎಳೆಯಾಗಿ ತೋರಿಸುವ ನೆನಪು ಬೇಕಾದ ಮುಖವನ್ನು ಮಾತ್ರ ಕೊಡುವುದಿಲ್ಲ. ಅಫಜಲಪುರದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

“ಗಂಟಿ ಗುಡ್ಯಾಗ ಇತ್ತು. ಗಾಡ್ಯಾಗ ಎಲ್ಲಿತ್ತೋ?” ಎಂದಳು. “ಗಾಡಿಗಿ ಸೈರನ್ ಇತ್ತು. ನೀ ಎರಡೂ ಕೂಡ್ಸಿ ತೆಲ್ಯಾಗ ಕಲಸಿ ಇಟ್ಟೀ.”

“ಹಗ್ಗ ಇತ್ತಲ್ಲಕ್ಕಾ?”

“ಹಗ್ಗ ನಮ್ಮ ಎಮ್ಮೀದು.”

ಅಲ್ಲಿಗೆ ಗಂಟೆಯೂ ಹೋಯಿತು, ಹಗ್ಗವೂ ಹೋಯಿತು. ಉಳಿದದ್ದು ಮುಖವಿಲ್ಲದ ತೋಳು. ನಾನು ಆಳಂದದಲ್ಲಿ ಚಷ್ಮಾದ ಅಂಗಡಿ ಇಟ್ಟವನು. ದಿನವೆಲ್ಲ ಮಂದಿಯ ಕಣ್ಣಿನ ಮುಂದೆ ಗಾಜು ಬದಲಿಸುತ್ತ, “ಇದ್ರಾಗ ಚೊಲೊ ಕಾಣ್ತದೋ, ಅದ್ರಾಗ ಚೊಲೊ ಕಾಣ್ತದೋ?” ಎಂದು ಕೇಳುವುದು ನನ್ನ ಕೆಲಸ. ನನ್ನ ಬಾಲ್ಯದ ಮುಂದೆ ಯಾವ ಗಾಜು ಹಿಡಿದರೂ ಒಂದೇ ಥರ ಮಸಕು. ಆದ್ದರಿಂದ ಮುಂದೆ ಹೇಳುವುದನ್ನು ನೀವು ಪೂರಾ ನಂಬಬೇಕಾಗಿಲ್ಲ. ನಾನೂ ನಂಬಿಲ್ಲ.

ಈ ನೆನಪೆಲ್ಲ ಶುರುವಾದದ್ದು ನನ್ನ ಹೊರಸಿನ ಪಟ್ಟಿ ಹರಿದದ್ದರಿಂದ. ಹೋದ ವಾರ ಮಧ್ಯಾಹ್ನ ಉಂಡು ಅಡ್ಡಾದೆ, ನಡುವಿನ ಪಟ್ಟಿ ಟಪ್ಪೆಂದಿತು, ನಾನು ಹೊರಸಿನ ಒಳಗಿಂದಲೇ ನೆಲಕ್ಕೆ ಇಳಿದೆ. ಬೆನ್ನು ಕೆಳಗೆ, ಕೈಕಾಲು ಮೇಲೆ. ಹೆಂಡತಿ ಬಾಗಿಲಲ್ಲಿ ನಿಂತು ಮನಸಾರೆ ನಕ್ಕು ಮುಗಿಸಿ ಆಮೇಲೆ ಕೈ ಕೊಟ್ಟಳು. ಹರಿದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದು ಬೆಂಕಿ ಆರಿಸುವ ಕ್ಯಾನ್ವಾಸ್ ಪೈಪು. ಉದ್ದಕ್ಕೆ ಸೀಳಿ, ಚಪ್ಪಟೆ ಮಾಡಿ, ಹೊರಸಿಗೆ ಹೆಣೆದದ್ದು.

ನಮ್ಮ ಗಲ್ಲಿಯಲ್ಲಿ ಇದು ದೊಡ್ಡ ವಿಷಯವಲ್ಲ. ಗಲ್ಲಿಯ ಬಾಯಲ್ಲೇ ಫೈರ್ ಸ್ಟೇಷನ್ ಇತ್ತು. ಸೋರಲು ಹತ್ತಿದ ಹಳೆಯ ಪೈಪುಗಳನ್ನು ಹರಾಜು ಹಾಕಿದಾಗ ಕೊಳ್ಳುತ್ತಿದ್ದವರು ನಾವೇ, ಯಾಕೆಂದರೆ ಬೇರೆ ಯಾರಿಗೂ ಅದರ ಉಪಯೋಗ ಗೊತ್ತಿರಲಿಲ್ಲ. ಅದರಲ್ಲಿ ಹೊರಸು ಆಗುತ್ತಿತ್ತು, ತೊಟ್ಟಿಲು ಆಗುತ್ತಿತ್ತು, ಆಡಿನ ಕೊರಳಪಟ್ಟಿ ಆಗುತ್ತಿತ್ತು, ಶಾಲೆಯ ಚೀಲಕ್ಕೆ ಹೆಗಲಪಟ್ಟಿ ಆಗುತ್ತಿತ್ತು. ಮಳೆಗಾಲದಲ್ಲಿ ತರಗತಿಯಲ್ಲಿ ಕೂತರೆ ನಮ್ಮ ಗಲ್ಲಿಯ ಹುಡುಗರ ಚೀಲದಿಂದ ಮಾತ್ರ ಹೊಗೆಯ ವಾಸನೆ ಏಳುತ್ತಿತ್ತು. ಯಾವುದೋ ಊರಿನ, ಯಾರದೋ ಬಣವಿಯ ಹೊಗೆ. ಗಲ್ಲಿಯ ಅರ್ಧ ಮಂದಿ ಹುಟ್ಟಿದ ಮೇಲೆ ಮೊದಲು ಮಲಗಿದ್ದೇ ಇಂಥ ಪೈಪಿನ ಮೇಲೆ. ಇಷ್ಟಾಗಿಯೂ ನಾವು ಶಾಂತ ಸ್ವಭಾವದವರೇನೂ ಆಗಲಿಲ್ಲ.

ಈ ಪ್ಯಾರಾವನ್ನು ಅಕ್ಕನಿಗೆ ಓದಿ ಹೇಳಿದೆ. “ಅರ್ಧ ಸುಳ್ಳು ಅದ,” ಎಂದಳು. ಯಾವ ಅರ್ಧ ಎಂದು ಕೇಳುವುದರೊಳಗೆ ಅವಳ ಕುಕ್ಕರ್ ಸೀಟಿ ಹೊಡೆಯಿತು, ಫೋನ್ ಇಟ್ಟಳು.

ಸ್ಟೇಷನ್ ಎಂದರೆ ತಗಡಿನ ಶೆಡ್ಡು, ಪಕ್ಕದಲ್ಲಿ ಒಂದು ಕೋಣೆ, ಹಿಂದೆ ನಾವು ಹೌದು ಎನ್ನುವ ನೀರಿನ ತೊಟ್ಟಿ. ಶೆಡ್ಡು ಕಟ್ಟುವಾಗ ಗಾಡಿಗಳು ಗಿಡ್ಡ ಇದ್ದವಂತೆ. ಆಮೇಲೆ ಬಂದ ಗಾಡಿ ಉದ್ದ. ಹಿಮ್ಮುಖವಾಗಿ ಒಳಗೆ ಹಾಕಿದರೆ ಮೂತಿ ಹೊರಗೇ ಉಳಿಯುತ್ತಿತ್ತು. ಮಳೆ ಬಂದರೆ ಮೂತಿಗೆ ಮಾತ್ರ ತಾಡಪತ್ರಿ ಹೊದಿಸುತ್ತಿದ್ದರು. ಮದುವೆಯ ಮೆರವಣಿಗೆ ಬಂದರೆ ಬ್ಯಾಂಡಿನವರು ಆ ಮೂತಿಯನ್ನು ಸುತ್ತುಹಾಕಿ, ಒಬ್ಬೊಬ್ಬರಾಗಿ ಬಾರಿಸುತ್ತ ದಾಟುತ್ತಿದ್ದರು. ಗಲ್ಲಿಯೂ ಇಕ್ಕಟ್ಟು. ಸೈರನ್ ಕೂಗಿದರೆ ನಾವು ಮೊದಲು ನೋಡುತ್ತಿದ್ದುದು ಬೆಂಕಿ ಎಲ್ಲಿ ಅಂತಲ್ಲ, ನಮ್ಮ ಮೋಟಾರ್ ಸೈಕಲ್ ಎಲ್ಲಿ ಅಂತ. ಎಲ್ಲರೂ ಓಡಿ ಬಂದು ತಂತಮ್ಮ ಗಾಡಿ ಎತ್ತಿ ಗೋಡೆಗೆ ಆನಿಸಬೇಕು. ಜಳಕ ಮಾಡುತ್ತಿದ್ದವರು ಟವೆಲ್ ಸುತ್ತಿಕೊಂಡೇ ಬರುತ್ತಿದ್ದರು. ಮಾದನಹಿಪ್ಪರಗಾದ ಕಡೆ ಬೆಂಕಿ ಬಿದ್ದರೆ ನಮ್ಮ ಗಲ್ಲಿಯ ಗಂಡಸರು ಅರೆಬೆತ್ತಲೆ ಬೀದಿಗೆ ಬರುವುದು ರಿವಾಜು. ಇಂಥ ಸ್ಟೇಷನ್ ಬಹಳ ದಿನ ನಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೂ, ನಾನು ದೊಡ್ಡವನಾಗಿ ಅಂಗಡಿ ಇಟ್ಟ ಮೇಲೆ, ಊರ ಹೊರಗೆ ಹೊಸ ಕಟ್ಟಡ ಏಳುತ್ತಿದೆ ಎಂಬ ಸುದ್ದಿ ಬಂದಾಗ ನಮ್ಮ ಮನೆಯ ಗೋಡೆಯನ್ನೇ ತೆಗೆದುಕೊಂಡು ಹೋಗುತ್ತಾರೇನೋ ಎಂಬಂತೆ ಮುಖ ಮಾಡಿದೆವು.

ಆದರೆ ನಿಜವಾಗಿ ಚಿಂತೆ ಇದ್ದದ್ದು ಒಬ್ಬಳಿಗೆ, ಅವಳು ಅದನ್ನು ತೋರಿಸಲಿಲ್ಲ. ಸ್ಟೇಷನ್ನಿನ ಎದುರಿಗೆ ಗುರುಬಾಯಿಯ ರೊಟ್ಟಿ ಖಾನಾವಳಿ. ನನಗೆ ಅವಳು ರಕ್ತಸಂಬಂಧವಲ್ಲ, ಆದರೂ ಅತ್ತಿ. ಗಲ್ಲಿಯ ಎಲ್ಲರಿಗೂ ಒಂದೊಂದು ಸಂಬಂಧದಿಂದ ಅತ್ತಿಯೋ ಅಕ್ಕನೋ ವೈನಿಯೋ ಆಗುತ್ತಾಳೆ. ಒಂದು ಉದ್ದನೆಯ ಮೇಜು, ಎರಡು ಬೆಂಚು, ಒಳಗೆ ನೆಲದ ಮೇಲೆ ಒಲೆ, ಒಲೆಯ ಮುಂದೆ ಅವಳು. ರೊಟ್ಟಿ ಬಡಿಯುವ ಸದ್ದು ನಿಂತರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಅವಳ ಖಾನಾವಳಿ ನಡೆಯುತ್ತಿದ್ದುದೇ ಸ್ಟೇಷನ್ನಿನವರಿಂದ. ಉಳಿದ ಗಿರಾಕಿಗಳು ಬಸ್ ಸ್ಟ್ಯಾಂಡಿನ ಹೊಸ ಹೋಟೆಲುಗಳಿಗೆ ಹೋಗಿ ವರುಷಗಳಾದವು. ಸ್ಟೇಷನ್ ಹೋದರೆ ಖಾನಾವಳಿ ಮುಚ್ಚಬೇಕು. ಮುಚ್ಚಬಾರದೆಂದರೆ ಅವಳೂ ಅವರ ಹಿಂದೆ ಹೋಗಬೇಕು. ಹೊಸ ಸ್ಟೇಷನ್ನಿನ ಪಕ್ಕದ ಹೊಲದವನು ರಸ್ತೆಗೆ ಹತ್ತಿಕೊಂಡೇ ಒಂದು ತಗಡಿನ ಶೆಡ್ಡು ಹಾಕಿಕೊಳ್ಳಲು ಜಾಗ ಕೊಡುತ್ತೇನೆಂದು ಹೇಳಿ ಕಳಿಸಿದ್ದ. ಆದರೆ ಲಗ್ನವಾಗಿ ಬಂದಾಗಿನಿಂದ ಅವಳು ಈ ಗಲ್ಲಿ ಬಿಟ್ಟವಳಲ್ಲ. ಎರಡರಲ್ಲಿ ಒಂದು ಹೋಗುವುದು ಖಂಡಿತ, ಒಲೆ ಇಲ್ಲವೇ ಗಲ್ಲಿ.

ನಾವು ದಿನಾ ಕೇಳುತ್ತಿದ್ದೆವು. ಕೇಳುವುದು ತಪ್ಪೆಂದು ಹೊಳೆಯುವಷ್ಟು ಸೂಕ್ಷ್ಮ ನಮ್ಮಲ್ಲಿ ಯಾರಿಗೂ ಇರಲಿಲ್ಲ.

“ಅತ್ತಿ, ಹೋಗ್ತೀಯೇನು ಮತ್ತ?”

“ಅಲ್ಲಿ ನೀರು ಸಪ್ಪಗವ,” ಎನ್ನುತ್ತಿದ್ದಳು ಒಂದು ದಿನ. ಇನ್ನೊಂದು ದಿನ, “ಬಿಸಲು ಭಾಳ.” ಮತ್ತೊಂದು ದಿನ ಹಂಚಿನ ಮೇಲಿನ ರೊಟ್ಟಿ ಹೊರಳಿಸುತ್ತ, “ಊರ ಹೊರಗ ಹೆಣ ಹೋಗ್ತಾವ. ಖಾನಾವಳಿ ಹೋಗಂಗಿಲ್ಲ.”

ಸ್ಟೇಷನ್ನಿನ ಡ್ರೈವರ್ ಮೈಬೂಬಣ್ಣ ಅವಳ ಹಳೆಯ ಗಿರಾಕಿ. ನೆರೆತ ಗಡ್ಡ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. “ಅಕ್ಕಾ, ನೀ ಬರಲಿಲ್ಲಂದ್ರ ನಾವು ಅಲ್ಲಿ ಬಿಸ್ಕೀಟು ತಿಂದು ಬೆಂಕಿ ಆರಸಬೇಕಾಗ್ತದ ನೋಡು.”

“ತಿನ್ನು. ಹೊಟ್ಟಿ ಕರಗ್ತದ. ಸ್ಟೇರಿಂಗ್ ಹೊಳ್ಳಸಾಕ ಜಾಗ ಆಗ್ತದ.”

ಈಗ ತಾಟಿನ ವಿಷಯ ಹೇಳಬೇಕು. ಅವರು ಉಣ್ಣಲು ಕೂತಾಗ ಕಾಲ್ ಬಂದರೆ ಅರ್ಧಕ್ಕೆ ಎದ್ದು ಓಡುತ್ತಾರೆ, ಅದು ಕೆಲಸದ ಧರ್ಮ. ಗುರುಬಾಯಿ ಆ ತಾಟುಗಳನ್ನು ತೆಗೆಯುವುದಿಲ್ಲ. ಇದ್ದ ಜಾಗದಲ್ಲೇ, ಒಂದೊಂದರ ಮೇಲೆ ಇನ್ನೊಂದು ತಾಟು ಬೋರಲು ಹಾಕಿ ಮುಚ್ಚಿಡುತ್ತಾಳೆ. ತೊಳೆಯುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ನಾಯಿಗೂ ಹಾಕುವುದಿಲ್ಲ. ಬಿಟ್ಟು ಹೋದವನೇ ಬಂದು, ತನ್ನ ತಾಟು ತಾನು ಉಂಡು ಮುಗಿಸಬೇಕು. ಹಸಿವಿಲ್ಲದಿದ್ದರೆ ಒಂದು ತುತ್ತಾದರೂ ಸರಿ. ಆಮೇಲೆಯೇ ತಾಟಿಗೆ ನೀರು. ತಾಟು ಮೊದಲೇ ತೊಳೆದರೆ ಹೋದವನು ಸುರಳೀತ ಬರುವುದಿಲ್ಲ ಎಂಬ ಭಾವನೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ತನ್ನ ಅತ್ತೆಯ ಕಾಲದಿಂದ ನಡೆದು ಬಂದದ್ದು ಎನ್ನುತ್ತಾಳೆ ಅವಳು. ಮೈಬೂಬಣ್ಣ ತಾನೇ ಶುರು ಮಾಡಿದ್ದು ಎನ್ನುತ್ತಾನೆ: ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾವಿಗೆ ಬಿದ್ದ ಎಮ್ಮೆ ಎತ್ತಲು ಹೋದಾಗ, “ನನ್ನ ತಾಟಿಗಿ ಕೈ ಹಚ್ಚಬ್ಯಾಡ್ರಿ” ಎಂದು ಹೇಳಿ ಹೋದದ್ದೇ ಪದ್ಧತಿಯಾಯಿತಂತೆ. ಅಕ್ಕನ ಪ್ರಕಾರ ಇದು ನಮ್ಮವ್ವನ ಸಲಹೆ. ಆ ಎಮ್ಮೆಯನ್ನು ಎತ್ತುವುದನ್ನು ನಾನು ಬಾವಿಯ ದಂಡೆಯ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ ಎಂದು ಬಹಳ ವರ್ಷ ಮಂದಿಗೆ ಹೇಳಿದ್ದೇನೆ. ನೋಡಿದ್ದು ಖರೆಯೋ, ಹೇಳಿ ಹೇಳಿ ಕಂಡದ್ದೋ, ಈಗ ಬೇರೆ ಮಾಡಲಾರೆ. ಎಮ್ಮೆಯ ಕಣ್ಣು ಮಾತ್ರ ಬಹಳ ಸ್ಪಷ್ಟ.

ಸ್ಟೇಷನ್ ಹೊಸ ಕಟ್ಟಡಕ್ಕೆ ಹೋದ ದಿನ ಅಕ್ಕ ಇಲ್ಲಿಗೆ ಬರದೆ ಮನೆಯವರೊಂದಿಗೆ ಸೊನ್ನದ ಬ್ಯಾರೇಜು ನೋಡಲು ಹೋಗಿದ್ದಳು. ಹಾಗಾಗಿ ಇಲ್ಲಿಂದ ಮುಂದೆ ತಿದ್ದುವವರಿಲ್ಲ. ನಾನೇ ಹೊಣೆ.

ಬೆಳಿಗ್ಗೆ ಹೊಸ ಕಟ್ಟಡದಲ್ಲಿ ಪೂಜೆ, ಕಾಯಿ, ಹಾರ, ಭಾಷಣ ಎಲ್ಲ ಮುಗಿಯಿತು. ಗಾಡಿ ಮತ್ತು ಅದರ ನಾಲ್ಕು ಮಂದಿ ಮಾತ್ರ ಹಳೆಯ ಶೆಡ್ಡಿನಲ್ಲಿ ಉಳಿದಿದ್ದರು. ಮಧ್ಯಾಹ್ನ ಇಲ್ಲೇ ಉಂಡು, ಆಮೇಲೆ ಗಾಡಿ ತೆಗೆದುಕೊಂಡು ಹೋಗುವುದು ಎಂದಾಗಿತ್ತು. ಗುರುಬಾಯಿ ಅಂದು ಪುಂಡಿಪಲ್ಯ ಮಾಡಿದ್ದಳು, ಶೇಂಗಾ ಕುಟ್ಟಿದ ಖಾರದ ಹಿಂಡಿ, ಬದನೆಕಾಯಿ ಎಣಗಾಯಿ, ಗಟ್ಟಿ ಮೊಸರು. ಸಿಹಿ ಮಾಡಿರಲಿಲ್ಲ.

“ಹೋಳಗಿ ಇಲ್ಲೇನ್ರಿ ಆಯಿ?” ಎಂದು ಕೇಳಿದವನು ರೇವಣ, ಪೈಪು ಹಿಡಿದು ಬಣವಿ ಹತ್ತುವವನು.

“ಯಾಕ, ನಿನಗ ಗಂಡನ ಮನಿಗಿ ಕಳಸಾಕತ್ತೇನಿ ಏನು?”

ಎಲ್ಲರೂ ನಕ್ಕರು. ಆ ನಗು ಮುಗಿಯುವುದರೊಳಗೆ ಕಾಲ್ ಬಂತು. ಜಿಡಗಾದ ಕಡೆ ಒಂದು ಹೊಲದಲ್ಲಿ ಜೋಳದ ಕಣಿಕಿ ಬಣವಿಗೆ ಬೆಂಕಿ. ನಾಲ್ವರೂ ಕೈಯನ್ನೂ ಸರಿಯಾಗಿ ತೊಳೆಯದೆ ಎದ್ದರು. ನಾವು ಓಡಿ ಮೋಟಾರ್ ಸೈಕಲ್ ಎತ್ತಿದೆವು. ಗಾಡಿ ಗಲ್ಲಿಯಿಂದ ಹೊರಬಿತ್ತು. ಸದ್ದು ದೂರವಾದ ಮೇಲೆ ಯಾರೋ ಹೇಳಿದರು: ಬೆಂಕಿ ಆರಿಸಿ ಸೀದಾ ಹೊಸ ಸ್ಟೇಷನ್ನಿಗೇ ಬರಬೇಕೆಂದು ಸಾಹೇಬರ ಹುಕುಮ್ ಆಗಿದೆ. ಇಲ್ಲಿಗೆ ಬರುವುದಿಲ್ಲ.

ಗುರುಬಾಯಿ ಅಷ್ಟರಲ್ಲಿ ನಾಲ್ಕು ತಾಟುಗಳನ್ನು ಮುಚ್ಚಿ ಮುಗಿಸಿದ್ದಳು.

ಮೇಜಿನ ಮೇಲೆ ತಾಟುಗಳು ಹಾಗೇ ಇದ್ದವು. ಉಣ್ಣಲು ಬಂದ ಒಬ್ಬಿಬ್ಬರು ಮೂಲೆಯಲ್ಲಿ ನಿಂತೇ ಉಂಡು ಹೋದರು. ಅವಳು ಒಲೆಯ ಮುಂದೆ ಕೂತಳು, ಎದ್ದಳು, ಬಾಗಿಲಿಗೆ ಬಂದಳು. ರೊಟ್ಟಿ ಬಡಿಯುವ ಸದ್ದು ಇರಲಿಲ್ಲ. ಕೊನೆಗೆ ನನ್ನ ಅಂಗಡಿಯ ಮುಂದೆ ಬಂದು ನಿಂತಳು. ಗಲ್ಲಿಯ ತಿರುವಿನಲ್ಲೇ ನನ್ನ ಅಂಗಡಿ.

“ಬಸ್ಯಾ, ಖಾಲಿ ಕುಂತೀಯಲ್ಲ?”

“ಗಿರಾಕಿ ಬಂದ್ರ ಏಳ್ತೇನಿ ಅತ್ತಿ.”

“ನಿನ್ನ ಚಷ್ಮಾ ಯಾರೂ ಒಯ್ಯಂಗಿಲ್ಲ. ಆಟೋ ಕರಿ.”

ಆಟೋದಲ್ಲಿ ಹಿಂದೆ ಅವಳೂ ನಾನೂ. ನಾಲ್ಕೂ ತಾಟುಗಳನ್ನು, ಮುಚ್ಚಳದ ತಾಟು ಸಮೇತ, ಹಳೆಯ ಸೀರೆಯ ತುಂಡುಗಳಲ್ಲಿ ಕಟ್ಟಿದ್ದಳು. ಎರಡು ಅವಳ ತೊಡೆಯ ಮೇಲೆ, ಎರಡು ನನ್ನ ತೊಡೆಯ ಮೇಲೆ. “ಎಡಗಡೀದು ಮೈಬೂಬಂದು, ಬಲಗಡೀದು ರೇವಣಂದು. ನೆನಪಿಟ್ಕೋ,” ಎಂದಳು. ನೆನಪಿಡುವ ಕೆಲಸವನ್ನು ನನಗೆ ಕೊಡುವವರು ಕಡಿಮೆ, ಹೆಮ್ಮೆ ಎನಿಸಿತು. ಬಸ್ ಸ್ಟ್ಯಾಂಡಿನ ಮುಂದಿನ ಹಂಪು ಬಂತು. ಆಟೋದವನು ಅದನ್ನು ನೋಡಲಿಲ್ಲ, ಅಥವಾ ನೋಡಿಯೂ ಲೆಕ್ಕಕ್ಕೆ ಇಡಲಿಲ್ಲ. ನಾವು ಹಾರಿದೆವು, ತಾಟುಗಳೂ ಹಾರಿದವು. ನನ್ನವೆರಡೂ ಕಾಲ ಬಳಿ ಉರುಳಿ ಒಂದರ ಮೇಲೊಂದು ಮಲಗಿದವು. ಗಂಟು ಬಿಚ್ಚಲಿಲ್ಲ, ಪುಣ್ಯ. ನಾನು ಎತ್ತಿ ಮತ್ತೆ ತೊಡೆಯ ಮೇಲೆ ಇಟ್ಟುಕೊಂಡೆ.

“ಎಡಗಡೀದು ಯಾವುದೋ?”

“ಇದು.”

“ಇದು ಮೊದಲ ಬಲಕ್ಕಿತ್ತು.”

“ಇಲ್ಲತ್ತಿ, ಇದೇ ಎಡಕ್ಕಿತ್ತು.”

“ಖರೇ ಹೇಳ್ತೀಯೇನು?”

ಖರೆ ಹೇಳುವುದು ಹೇಗೆ? ನನಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಗುರುಬಾಯಿ ಮುಂದಕ್ಕೆ ಬಾಗಿ ಆಟೋದವನ ಬೆನ್ನಿಗೆ ಹೇಳಿದಳು, “ಲೇ ತಮ್ಮಾ, ಹಿಂದ ಮಂದಿ ಊಟ ಅದ. ಎಲುಬಿನ ಮೂಟಿ ಅಲ್ಲ.”

ಹೊಸ ಸ್ಟೇಷನ್ ಚೆನ್ನಾಗಿದೆ. ಇದನ್ನು ಹೇಳಲು ನನಗೆ ಸಂಕಟವೇನೂ ಇಲ್ಲ. ಗಾಡಿ ಮೂತಿ ಸಮೇತ ಒಳಗೆ ಹಿಡಿಯುತ್ತದೆ. ಎದುರಿಗೆ ವಿಶಾಲ ಅಂಗಳ, ಅಗಲ ರಸ್ತೆ, ಟವೆಲ್ ಸುತ್ತಿಕೊಂಡು ಓಡಿಬರಬೇಕಾದ ಯಾರೂ ಇಲ್ಲ. ಗಾಡಿ ಇನ್ನೂ ಬಂದಿರಲಿಲ್ಲ. ಪೂಜೆಗೆ ಬಂದವರೆಲ್ಲ ಹೋಗಿದ್ದರು. ಇದ್ದವನು ಒಬ್ಬನೇ, ಫೋನಿನ ಮುಂದೆ ಕೂತ ಸೈಬಣ್ಣ. ಜೇವರ್ಗಿಯಿಂದ ವರ್ಗವಾಗಿ ಅಂದೇ ಕೆಲಸಕ್ಕೆ ಹಾಜರಾದ ಮಧ್ಯವಯಸ್ಸಿನ ಮನುಷ್ಯ. ಉದ್ಘಾಟನೆಯೆಂದರೆ ಊಟ ಇದ್ದೇ ಇರುತ್ತದೆ ಎಂದು ನಂಬಿ ಮನೆಯಿಂದ ಬರಿಹೊಟ್ಟೆಯಲ್ಲಿ ಬಂದಿದ್ದ. ಸಿಕ್ಕದ್ದು ಒಂದು ಪೇಡೆ. ಸುತ್ತ ಒಂದು ಚಹಾದ ಅಂಗಡಿಯೂ ಇರಲಿಲ್ಲ.

“ಊಟ ತಂದೀರೇನ್ರಿ ಆಯಿ?” ಎಂದು ಅವನು ಗಂಟುಗಳನ್ನು ನೋಡಿದ ನೋಟ ನನಗೆ ಚೆನ್ನಾಗಿ ನೆನಪಿದೆ. ಎಮ್ಮೆಯ ಕಣ್ಣಿನಷ್ಟೇ ಸ್ಪಷ್ಟ, ಆದ್ದರಿಂದ ಅಷ್ಟೇ ಅನುಮಾನ.

“ತಂದೇನಿ. ಆದ್ರ ನಿನಗಲ್ಲಪಾ. ಇವು ಉಂಡು ಬಿಟ್ಟ ತಾಟು.”

“ಉಂಡು ಬಿಟ್ಟವು ಯಾಕ ತಂದ್ರಿ?”

“ಪೂರಾ ಉಣ್ಣಸಾಕ.”

ಸೈಬಣ್ಣನಿಗೆ ಇದು ತಿಳಿಯಲಿಲ್ಲ. ನಾನು ಪದ್ಧತಿಯನ್ನು ವಿವರಿಸಿದೆ. ಅವನು ತಲೆಯಾಡಿಸುತ್ತ ಕೇಳಿದ. ಹಸಿದವನು ಪದ್ಧತಿಗೆ ಎಷ್ಟು ಮರ್ಯಾದೆ ಕೊಡಬಹುದೋ ಅಷ್ಟು ಕೊಟ್ಟ. ಗುರುಬಾಯಿ ಪೂಜೆಯ ತಟ್ಟೆಯಲ್ಲಿದ್ದ ಒಡೆದ ಕಾಯಿಯಿಂದ ಕೊಬ್ಬರಿ ತೆಗೆದು, ಬೆಲ್ಲದ ಹೆಂಟೆ ಇಟ್ಟು, “ಸದ್ಯಕ್ಕ ಇದನ್ನ ತಿನ್ನು” ಎಂದು ಕೊಟ್ಟಳು. ಆಮೇಲೆ ಯಾರೂ ಕರೆಯದಿದ್ದರೂ ಒಳಗೆ ಹೋಗಿ ಅಡುಗೆಮನೆ ನೋಡಿದಳು. ಕಪ್ಪು ಕಲ್ಲಿನ ಎತ್ತರದ ಕಟ್ಟೆ, ಗ್ಯಾಸಿಗೆ ಜಾಗ, ನಲ್ಲಿ.

“ನಿಂತು ಇದರ ಮ್ಯಾಲ ರೊಟ್ಟಿ ಬಡಿಬೇಕೇನು? ಯಾವ ಶಾಣ್ಯಾ ಕಟ್ಟಿಸ್ಯಾನ?”

“ಚಪಾತಿಗಿ ಮಾಡ್ಯಾರ ಇರಬೇಕ್ರಿ,” ಎಂದ ಸೈಬಣ್ಣ, ಕೊಬ್ಬರಿ ಅಗಿಯುತ್ತ.

“ಚಪಾತಿ ತಿಂದು ಬಣವಿ ಹತ್ತತಾರೇನು?”

ಆಮೇಲೆ ಅವಳು ಅಡುಗೆಮನೆಯ ಹಿಂದಿನ ಕಿಟಕಿಯ ಹತ್ತಿರ ಹೋಗಿ ನಿಂತಳು. ಸ್ವಲ್ಪ ಹೊತ್ತು ನಿಂತಿದ್ದಳು. ನಾನು ತಾಟುಗಳನ್ನು ಕಾಯುತ್ತಿದ್ದೆ, ಒಳಗೆ ಹೋಗಲಿಲ್ಲ.

ಇತ್ತ ಗಾಡಿ ಯಾಕೆ ಬರಲಿಲ್ಲ ಎಂದರೆ ಅದು ಹಳೆಯ ಗಲ್ಲಿಗೆ ಹೋಗಿತ್ತು. ಸಾಹೇಬರ ಹುಕುಮ್ ಮೈಬೂಬಣ್ಣನಿಗೆ ಗೊತ್ತಿತ್ತು. ಆದರೆ ಬೆಂಕಿ ಆರಿಸಿ, ಮೈತುಂಬ ಬೂದಿ ಮಾಡಿಕೊಂಡು, ಉಣ್ಣದ ಹೊಟ್ಟೆಯಲ್ಲಿ ಊರೊಳಗೆ ಬಂದವನ ಕೈ ಎಂದಿನ ತಿರುವಿನಲ್ಲಿ ಎಂದಿನಂತೆ ತಿರುಗಿತು. “ನಾ ಹೊಳ್ಳಸಲಿಲ್ಲ, ಗಾಡಿ ತಾನೇ ಹೊಳ್ಳಿತು” ಎಂದು ಇವತ್ತಿಗೂ ಹೇಳುತ್ತಾನೆ. ಗಲ್ಲಿಯವರು ಓಡಿ ಬಂದು ಮೋಟಾರ್ ಸೈಕಲ್ ಎತ್ತಿದರು. ಅವನು ಹಿಮ್ಮುಖವಾಗಿ ಗಾಡಿಯನ್ನು ಶೆಡ್ಡಿಗೆ ಹಾಕಿ, ಮೂತಿ ಹೊರಗೆ ಬಿಟ್ಟು, ಇಳಿದು, ಎದುರಿನ ಖಾನಾವಳಿಗೆ ಹೋದ.

ಮೇಜು ಖಾಲಿ. ಒಲೆಯ ಮುಂದೆ ಯಾರೂ ಇಲ್ಲ.

ನಾನು ಅಲ್ಲಿ ಇರಲಿಲ್ಲ, ಆದ್ದರಿಂದ ಈ ಭಾಗ ನನ್ನ ನೆನಪಿಗಿಂತ ಹೆಚ್ಚು ಭರವಸೆಯದು. ರೇವಣ ಹೇಳಿದ್ದು: ಮೈಬೂಬಣ್ಣ ಬೆಂಚಿನ ಮೇಲೆ ಕುಸಿದು ಕೂತನಂತೆ. “ತೊಳದಾಳಪಾ. ತಾಟು ತೊಳದಾಳ,” ಎಂದನಂತೆ. “ನಾವು ಹೊಳ್ಳಿ ಬರಂಗಿಲ್ಲಂತ ತಿಳದು ತೊಳದು ಬಿಟ್ಟಾಳ.” ಗದರುವ ಗಂಟಲಿನ ಆ ಮನುಷ್ಯ ಅದನ್ನು ಬಹಳ ಸಣ್ಣಗೆ ಹೇಳಿದನಂತೆ. ಬಚ್ಚಲ ಕಡೆ ಹೋಗಿ ತೊಳೆದ ಪಾತ್ರೆಗಳಲ್ಲಿ ತನ್ನ ತಾಟು ಇದೆಯೇ ಎಂದು ಹುಡುಕಿದನಂತೆ. ಮೈಬೂಬಣ್ಣ ಮಾತ್ರ ಈ ಹುಡುಕಾಟ ನಡೆಯಲೇ ಇಲ್ಲ, ತಾನು ಕೈ ತೊಳೆಯಲು ಹೋಗಿದ್ದೆ ಎನ್ನುತ್ತಾನೆ.

ಪಕ್ಕದ ಮನೆಯವರು ಕೂಗಿ ಹೇಳಿದರು: “ಅಯ್ಯ, ನಿಮ್ಮ ತಾಟು ತಗೊಂಡು ನಿಮ್ಮನ್ನೇ ಹುಡುಕ್ಕೋತ ಹೊಸಾ ಸ್ಟೇಷನಿಗಿ ಹೋಗ್ಯಾಳ!”

ಗಾಡಿ ಮತ್ತೆ ಹೊರಟಿತು. ಸೈರನ್ ಹಾಕಿರಲಿಲ್ಲ ಎಂದು ಮೈಬೂಬಣ್ಣ ಹೇಳುತ್ತಾನೆ. ಹಾಕಿದ್ದನೆಂದು ಗಲ್ಲಿಯವರು ಹೇಳುತ್ತಾರೆ. ಗಲ್ಲಿಯವರಿಗೆ ಸದ್ದಿಲ್ಲದಿದ್ದರೂ ಸೈರನ್ ಕೇಳುವ ಅಭ್ಯಾಸ ಇರುವುದರಿಂದ ನಾನು ಯಾರ ಪರವೂ ವಹಿಸುವುದಿಲ್ಲ.

ಅವರು ಬಂದಾಗ ನಾವು ಮೂವರೂ ಅಂಗಳದಲ್ಲಿದ್ದೆವು. ನಾಲ್ವರೂ ಕರ್ರಗೆ, ಕೂದಲಲ್ಲಿ ಕಣಿಕಿ. ಗುರುಬಾಯಿ ಒಬ್ಬೊಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ಯಾರಿಗೂ ಏನೂ ಆಗಿಲ್ಲಲ?” ಎಂದಳು. “ಬಣವಿ ಹೋಯ್ತು, ಎತ್ತು ಉಳದ್ವು,” ಎಂದ ರೇವಣ. ಹೊಸ ನೆಲದ ಮೇಲೆ, ಗಾಡಿಯ ನೆರಳಲ್ಲಿ, ನಾಲ್ಕೂ ಗಂಟುಗಳನ್ನು ಬಿಚ್ಚಿದೆವು. ಅವಳ ತೊಡೆಯ ಮೇಲಿದ್ದ ಎರಡು ತಾಟುಗಳ ಬಗ್ಗೆ ತಕರಾರಿಲ್ಲ, ಅವರಿಬ್ಬರೂ ಕೂತು ಉಣ್ಣತೊಡಗಿದರು. ನನ್ನ ಎರಡು ತಾಟುಗಳು ಉಳಿದವು.

ಎರಡರಲ್ಲೂ ಒಂದೂವರೆ ರೊಟ್ಟಿ. ಎರಡರಲ್ಲೂ ಪುಂಡಿಪಲ್ಯ ಅರ್ಧ ಮುಗಿದಿತ್ತು. ಎರಡರಲ್ಲೂ ಮೊಸರು ಚೆಲ್ಲಿ ಹಿಂಡಿಯೊಳಗೆ ಹೋಗಿತ್ತು.

“ಇದು ನಂದು,” ಎಂದ ಮೈಬೂಬಣ್ಣ. “ನಾ ಉಳ್ಳಾಗಡ್ಡಿ ಕಡದಿದ್ದೆ. ಹಲ್ಲಿನ ಗುರ್ತು ನೋಡು.”

“ಆ ಕಡೆ ನಿಮಗ ಹಲ್ಲೇ ಇಲ್ಲಲ್ರೀ,” ಎಂದ ರೇವಣ.

“ಮತ್ತ ನೀ ಹೇಳು.”

“ನಾ ರೊಟ್ಟಿ ನಡುವಿಂದ ಮುರೀತೇನಿ. ಇವೆರಡೂ ನಡುವಿಂದ ಮುರದಾವ.”

ಎಲ್ಲರೂ ಗುರುಬಾಯಿಯನ್ನು ನೋಡಿದರು. ಅವಳು ಎರಡೂ ತಾಟುಗಳ ಮೇಲೆ ಬಾಗಿ, ಒಂದನ್ನು ಸ್ವಲ್ಪ ತಿರುಗಿಸಿ, ಇನ್ನೊಂದನ್ನು ಮೂಸಿ, ನೆಟ್ಟಗಾದಳು. “ನನಗೂ ತಿಳೀವಲ್ದು,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಊರ ಮಂದಿಗಿ ಚಷ್ಮಾ ಕೊಡ್ತಾನ,” ಎಂದಳು. ಸೈಬಣ್ಣ ಬಾಯಲ್ಲಿದ್ದ ಬೆಲ್ಲ ಬೀಳುವಷ್ಟು ನಕ್ಕ.

ನಕ್ಕರೂ ಯಾರೂ ತಾಟಿಗೆ ಕೈ ಹಾಕಲಿಲ್ಲ. ಮೈಬೂಬಣ್ಣನ ಮುಖದಲ್ಲಿ ನಗು ಇರಲಿಲ್ಲ. ಒಬ್ಬರ ತಾಟು ಇನ್ನೊಬ್ಬರು ಮುಗಿಸಿದರೆ ಏನಾಗುತ್ತದೆ ಎಂಬುದನ್ನು ಪದ್ಧತಿ ಹೇಳಿರಲಿಲ್ಲ, ಅಂಥ ಪ್ರಸಂಗ ಎಂದೂ ಬಂದಿರಲಿಲ್ಲ. ಕೊನೆಗೆ ಅವನೇ ನೆಲದ ಮೇಲೆ ಕಾಲು ಮಡಚಿ ಕೂತು, ಎರಡೂ ತಾಟುಗಳನ್ನು ನಡುವೆ ಎಳೆದುಕೊಂಡ.

“ಬಾರೋ ರೇವಣಾ. ಎರಡರಾಗೂ ನೀ ತಿನ್ನು, ಎರಡರಾಗೂ ನಾ ತಿಂತೇನಿ. ನಂದು ಎಲ್ಲಿದ್ರೂ ಹೊಟ್ಟಿಗಿ ಬರ್ತದ.”

ಹಾಗೆ ಉಂಡರು. ರೊಟ್ಟಿ ಸೆಟೆದಿತ್ತು, ಅದನ್ನು ಮೊಸರಿನ ಹಿಂಡಿಯಲ್ಲಿ ಮೆತ್ತಗೆ ಮಾಡಿಕೊಂಡು, ಬೆರಳಿಗೆ ಬೆರಳು ತಾಗುತ್ತ, ತಾಟು ಬೆಳ್ಳಗಾಗುವವರೆಗೆ ಉಂಡರು. ಪುಂಡಿಪಲ್ಯ ಮಧ್ಯಾಹ್ನಕ್ಕಿಂತ ಈಗ ರುಚಿ ಎಂದ ರೇವಣ. ಗುರುಬಾಯಿ ಎದುರಿಗೆ ಕೂತು ನೋಡುತ್ತಿದ್ದಳು. ಮುಗಿದ ಮೇಲೆ ನಾಲ್ಕೂ ತಾಟುಗಳನ್ನು ಹೊಸ ಅಡುಗೆಮನೆಯ ಹೊಸ ನಲ್ಲಿಗೆ ಒಯ್ದು ತೊಳೆದಳು. ಆ ನಲ್ಲಿಯಲ್ಲಿ ಮೊದಲು ತೊಳೆದ ಪಾತ್ರೆ ಅವೇ ಎಂದು ನನಗೆ ಅನಿಸುತ್ತದೆ, ಆದರೆ ಹಾಗೆ ಅನಿಸುವುದು ಚೆನ್ನಾಗಿದೆ ಎಂಬ ಕಾರಣಕ್ಕೇ ಅನುಮಾನ.

ವಾಪಸು ಬರುವಾಗ ಆಟೋದಲ್ಲಿ ನಾನು ಕೇಳಿದೆ, “ಮತ್ತ ಅತ್ತಿ, ಜಾಗ ಹೆಂಗದ? ಹೋಗ್ತೀಯೇನು?”

“ಹೋಗಂಗಿಲ್ಲ,” ಎಂದಳು. “ನಿಂತು ರೊಟ್ಟಿ ಬಡಿಯಾಕ ನನಗ ಹುಚ್ಚು ಹಿಡದಿಲ್ಲ.”

ಆಮೇಲೆ ಕೆಲವು ವಾರ ಹಾಗೇ ನಡೆಯಿತು. ಸ್ಟೇಷನ್ನಿನವರು ಒಬ್ಬೊಬ್ಬರಾಗಿ ಬೈಕಿನಲ್ಲಿ ಗಲ್ಲಿಗೆ ಬಂದು ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಖಾಲಿ ಶೆಡ್ಡಿನಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಸೈರನ್ ಇಲ್ಲದೆ ನಮ್ಮ ಮೋಟಾರ್ ಸೈಕಲ್ಲುಗಳು ಗಲ್ಲಿಯ ನಡುವಿನವರೆಗೂ ಹರಡಿಕೊಂಡವು. ನಾವು ಅವಳನ್ನು ಕೇಳುವುದನ್ನು ಬಿಟ್ಟೆವು, ಉತ್ತರ ಗೊತ್ತಿತ್ತು.

ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಒಂದು ಟಂಟಂ ಗಾಡಿ ಗಲ್ಲಿಯಿಂದ ಹೊರಬಂತು. ಹಿಂದೆ ಉದ್ದನೆಯ ಮೇಜು, ಬೆಂಚು, ಹಿಟ್ಟಿನ ಡಬ್ಬಿ, ಕಬ್ಬಿಣದ ಹಂಚು. ಮುಂದೆ ಡ್ರೈವರನ ಪಕ್ಕ ಗುರುಬಾಯಿ, ಸೆರಗು ಬಿಗಿಯಾಗಿ ಹೊದ್ದು, ನೇರ ನೋಡುತ್ತ ಕೂತಿದ್ದಳು. ನಾನು ಕೈ ಎತ್ತಿದೆ. ಅವಳು ನೋಡಿದಳೋ ಇಲ್ಲವೋ.

ಈಗ ಹೊಸ ಸ್ಟೇಷನ್ನಿನ ಪಕ್ಕ, ಹೊಲದವನ ಜಾಗದಲ್ಲಿ, ತಗಡಿನ ಶೆಡ್ಡು ಇದೆ. ನೆಲದ ಮೇಲೆ ಒಲೆ. ಅದರ ಮುಂದೆ ಅವಳು ಕೂತೇ ರೊಟ್ಟಿ ಬಡಿಯುತ್ತಾಳೆ. ರಸ್ತೆಯಲ್ಲಿ ಹೋಗುವ ಲಾರಿಯವರು ನಿಲ್ಲುತ್ತಾರೆ, ಗಿರಾಕಿ ಹೆಚ್ಚಾಗಿದ್ದಾರೆ, ನೀರಿನ ಬಗ್ಗೆ ದೂರಿಲ್ಲ. ಗಲ್ಲಿಯ ಹೆಂಗಸರು ಹಬ್ಬದ ದಿನ ಆಟೋ ಮಾಡಿಕೊಂಡು ಹೋಗಿ ಅವಳ ಹತ್ತಿರ ಕೂತು ಬರುತ್ತಾರೆ. ಅವಳು ಹೋದದ್ದು ತನಗಾಗಿ ಎಂದು ಮೈಬೂಬಣ್ಣ ತಿಳಿದಿದ್ದಾನೆ. ತನ್ನ ಹಸಿವು ನೋಡಲಾರದೆ ಬಂದಳು ಎಂದು ಸೈಬಣ್ಣ ತಿಳಿದಿದ್ದಾನೆ. ಗಲ್ಲಿಯಲ್ಲಿ ಗಿರಾಕಿ ಉಳಿಯಲಿಲ್ಲ, ಮತ್ತೇನು ಮಾಡಬೇಕಿತ್ತು ಎಂದು ನನ್ನ ಹೆಂಡತಿ. ಅಕ್ಕ ಎಲ್ಲವನ್ನೂ ಫೋನಿನಲ್ಲಿ ಕೇಳಿ, “ಆಕಿಗಿ ಹೋಗಬೇಕಂತ ಮೊದಲಿಂದಲೂ ಇತ್ತು, ನೀವು ದಿನಾ ಕೇಳಿ ಕೇಳಿ ತಡಾ ಮಾಡಿದ್ರಿ,” ಎಂದಳು.

ಮೊನ್ನೆ ಹೋಗಿ ಅವಳನ್ನೇ ಕೇಳಿದೆ. “ಬರಂಗಿಲ್ಲಂದಿದ್ದಿ. ಯಾಕ ಬಂದಿ ಅತ್ತಿ?”

“ತಿನ್ನು, ರೊಟ್ಟಿ ಆರ್ತದ,” ಎಂದಳು.

ಉಂಡು ಕೈ ತೊಳೆದು, ಸ್ಟೇಷನ್ನಿನ ಅಡುಗೆಮನೆಗೆ ಹೋಗಿ ಆ ಹಿಂದಿನ ಕಿಟಕಿಯ ಹತ್ತಿರ ನಿಂತೆ. ತೊಗರಿ ಕೊಯ್ದ ಹೊಲ, ಬೇವಿನ ಗಿಡ, ಗಿಡದ ಕೆಳಗೆ ಕಟ್ಟಿದ ಒಂದು ಆಡು, ಆಚೆ ರಸ್ತೆ. ಅಂದು ಅವಳು ಇಲ್ಲಿ ನಿಂತಾಗ ಇವೇ ಇದ್ದವೋ, ಬೇರೆ ಏನಿತ್ತೋ. ಅವಳ ಮನಸ್ಸು ಇಲ್ಲೇ ತಿರುಗಿತೋ, ಆ ತಾಟುಗಳ ಮುಂದೆ ತಿರುಗಿತೋ, ಟಂಟಂ ಗಾಡಿ ಹತ್ತುವ ಬೆಳಿಗ್ಗೆ ತಿರುಗಿತೋ ನನಗೆ ಗೊತ್ತಿಲ್ಲ.